ನರಿಯ ಒಂದು ವರ್ಷ: ಬೆದೆ ಯಾವ ತಿಂಗಳು, ಮರಿ ಯಾವ ತಿಂಗಳು?

ಬಿಳಿಹಾಳೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಡುಪ್ರಾಣಿಗಳ ಬದುಕಿನ ಒಂದು ವರ್ಷವನ್ನು ತಿಂಗಳಿಗೊಂದು ಪುಟದಂತೆ ತೋರಿಸುವ ಮಕ್ಕಳ ಚಿತ್ರಪುಸ್ತಕವೊಂದಕ್ಕೆ ನಾನು ಬರಹ ಸಿದ್ಧಪಡಿಸುತ್ತಿದ್ದೇನೆ. ಕರಡಿ ಮತ್ತು ಜಿಂಕೆಯ ಪುಟಗಳು ಹೆಚ್ಚು ತೊಡಕಿಲ್ಲದೆ ಮುಗಿದವು; ನರಿಯ ಬಳಿಗೆ ಬಂದಾಗ ಮಾತ್ರ ಲೇಖನಿ ನಿಂತುಹೋಯಿತು. ನನ್ನ ಮುಂದಿರುವ ಮೂರು ಪುಸ್ತಕಗಳಲ್ಲಿ ಒಂದು, ನರಿಗಳು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಕೂಡುತ್ತವೆ ಎನ್ನುತ್ತದೆ. ಇನ್ನೊಂದು ಮಾರ್ಚ್, ಏಪ್ರಿಲ್ ಎನ್ನುತ್ತದೆ. ಮೂರನೆಯದು ಜೂನ್, ಜುಲೈ ಎಂದು ಯಾವ ಅಳುಕೂ ಇಲ್ಲದೆ ಅಚ್ಚು ಹಾಕಿದೆ. ಗರ್ಭಾವಧಿ ಒಂದರಲ್ಲಿ 52 ದಿನ, ಮತ್ತೊಂದರಲ್ಲಿ 63 ದಿನ. ಒಂದು ಸೂಲಿಗೆ ಎಷ್ಟು ಮರಿ ಎಂಬುದಂತೂ ಎರಡರಿಂದ ಹತ್ತಕ್ಕೂ ಮೇಲಿನವರೆಗೆ ಹರಡಿಕೊಂಡಿದೆ. ಇವುಗಳಲ್ಲಿ ತಪ್ಪು ಯಾವುದು, ಸರಿ ಯಾವುದು?

ಇನ್ನೊಂದು ಸಂದೇಹವೂ ಇದೆ. ಚಿತ್ರ ಬರೆಯುವವರು, ಈಗಷ್ಟೇ ಹುಟ್ಟಿದ ನಾಲ್ಕು ಕೆಂಪು ಮರಿಗಳು ಬಿಲದ ಬಾಯಲ್ಲಿ ಕಣ್ಣರಳಿಸಿ ಕುಳಿತಿರುವಂತೆಯೂ ತಾಯಿ ಇಲಿಯೊಂದನ್ನು ಕಚ್ಚಿಕೊಂಡು ಬರುತ್ತಿರುವಂತೆಯೂ ಒಂದು ಪುಟವನ್ನು ಬರೆದು ಕಳುಹಿಸಿದ್ದಾರೆ. ಅದನ್ನು ನೋಡಿದ ಸ್ನೇಹಿತರೊಬ್ಬರು, ಮೊದಲ ವಾರಗಳಲ್ಲಿ ಆಹಾರ ತರುವುದು ತಂದೆಯೇ ಹೊರತು ತಾಯಿಯಲ್ಲ ಎಂದರು. ಚಿತ್ರವನ್ನು ತಿದ್ದಿಸುವ ಮುನ್ನ ಬಲ್ಲವರ ಮಾತು ಕೇಳಬೇಕೆನಿಸಿತು.

ಜೀವಶಾಸ್ತ್ರದ ಮೇಷ್ಟ್ರು

ನಿಮ್ಮ ಮೂರು ಪುಸ್ತಕಗಳೂ ಸರಿಯೇ ಇರಬಹುದು. ಅವು ಬೇರೆ ಬೇರೆ ನರಿಗಳ ಬಗ್ಗೆ, ಇಲ್ಲವೇ ಭೂಮಿಯ ಬೇರೆ ಬೇರೆ ಭಾಗಗಳ ಬಗ್ಗೆ ಹೇಳುತ್ತಿವೆ. ಹಾಗೆ ಹೇಳುತ್ತಿದ್ದೇವೆ ಎಂಬುದನ್ನು ಓದುಗರಿಗೆ ತಿಳಿಸಲು ಮರೆತಿವೆ, ಅಷ್ಟೆ.

ನರಿ ಎಂದರೆ ಒಂದೇ ಪ್ರಾಣಿಯಲ್ಲ. ವಲ್ಪೀಸ್ ಎಂಬ ಕುಲವೊಂದರಲ್ಲೇ ಹನ್ನೆರಡು ಜಾತಿಯ ನರಿಗಳಿವೆ. ಆ ಕುಲಕ್ಕೆ ಸೇರದಿದ್ದರೂ ನರಿಯೆಂದೇ ಕರೆಸಿಕೊಳ್ಳುವ ಪ್ರಾಣಿಗಳು ಬೇರೆ ಇವೆ. ಉತ್ತರ ಗೋಳಾರ್ಧದ ಬಹುಭಾಗದಲ್ಲಿ ಹರಡಿರುವ ಕೆಂಪು ನರಿ ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಬೆದೆಗೆ ಬರುತ್ತದೆ, ಬಹಳ ಉತ್ತರಕ್ಕೆ ಹೋದಂತೆ ಈ ಕಾಲ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಇದು ನಿಮ್ಮ ಮೊದಲ ಪುಸ್ತಕ. ಹಿಮಪ್ರದೇಶದ ಆರ್ಕ್‌ಟಿಕ್ ನರಿ ಚಳಿಗಾಲ ಮುಗಿಯುತ್ತ ಬಂದಾಗ, ಮಾರ್ಚ್ ಏಪ್ರಿಲ್ ಸುಮಾರಿಗೆ ಕೂಡಿ, ಮೇ ಕೊನೆಯಲ್ಲೋ ಜೂನ್‌ನಲ್ಲೋ ಮರಿ ಹಾಕುತ್ತದೆ; ಎರಡನೆಯ ಪುಸ್ತಕ ಇದನ್ನು ಹೇಳುತ್ತಿರಬೇಕು. ಮೂರನೆಯದು ಬಹುಶಃ ಆಸ್ಟ್ರೇಲಿಯಾದಲ್ಲಿರುವ ಕೆಂಪು ನರಿಯನ್ನು ಕುರಿತದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಯ ಮೋಜಿಗಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಒಯ್ದು ಅಲ್ಲಿ ಬಿಟ್ಟ ನರಿಗಳ ಸಂತತಿ ಅದು. ಪ್ರಾಣಿ ಅದೇ, ಪಂಚಾಂಗ ಮಾತ್ರ ಆರು ತಿಂಗಳು ತಿರುಗಿಕೊಂಡಿದೆ: ಜೂನ್, ಜುಲೈನಲ್ಲಿ ಬೆದೆ, ಆಗಸ್ಟ್, ಸೆಪ್ಟೆಂಬರಿನಲ್ಲಿ ಮರಿ. ನರಿಯ ದೇಹಕ್ಕೆ ತಿಂಗಳ ಹೆಸರು ಗೊತ್ತಿಲ್ಲ, ಹಗಲಿನ ಉದ್ದ ಗೊತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಶರತ್ಕಾಲದಲ್ಲಿ ಹಗಲು ಕುಗ್ಗುತ್ತ ಹೋದಂತೆ ಮಿದುಳಿನಿಂದ ಹೊರಡುವ ಸೂಚನೆಗಳು ಅಂಡಾಶಯವನ್ನೂ ವೃಷಣವನ್ನೂ ಎಚ್ಚರಿಸುತ್ತವೆ. ಅದೇ ನರಿಯನ್ನು ಸಮಭಾಜಕವೃತ್ತದ ಆಚೆಗೆ ಒಯ್ದರೆ ಅದು ಅಲ್ಲಿನ ಹಗಲನ್ನು ಅನುಸರಿಸುತ್ತದೆ.

ಆದರೆ ಬೆಳಕು ಕೇವಲ ಗಂಟೆ ಹೊಡೆಯುವ ಕೆಲಸ ಮಾಡುತ್ತದೆ. ಆ ಗಂಟೆ ಯಾವಾಗ ಹೊಡೆಯಬೇಕೆಂದು ನಿರ್ಧರಿಸಿರುವುದು ಮರಿಗಳ ಹಸಿವು. ಆದ್ದರಿಂದ ನರಿಯ ವರ್ಷವನ್ನು ಬೆದೆಯಿಂದ ಮುಂದಕ್ಕೆ ಎಣಿಸುವುದಕ್ಕಿಂತ ಹಿಂದಿನಿಂದ ಎಣಿಸಿದರೆ ವಿಷಯ ಬೇಗ ತಿಳಿಯಾಗುತ್ತದೆ. ಮರಿಗಳು ಹಾಲು ಬಿಟ್ಟು ಮಾಂಸಕ್ಕೆ ಬಾಯಿ ಹಾಕುವ ಹೊತ್ತಿಗೆ ಸುತ್ತಮುತ್ತ ಇಲಿ, ಮೊಲ, ಹಕ್ಕಿಮರಿ, ಹುಳಹುಪ್ಪಟೆಗಳು ಹೇರಳವಾಗಿರಬೇಕು. ಸಮಶೀತೋಷ್ಣ ಪ್ರದೇಶದಲ್ಲಿ ಅದು ಏಪ್ರಿಲ್, ಮೇ ತಿಂಗಳು. ಅಲ್ಲಿಂದ ಹಾಲೂಡುವ ಆರೇಳು ವಾರಗಳನ್ನು ಕಳೆಯಿರಿ, ಮಾರ್ಚ್ ಬರುತ್ತದೆ. ಅದರಿಂದ ಗರ್ಭದ 52 ದಿನಗಳನ್ನು ಕಳೆದರೆ ನಿಲ್ಲುವುದು ಜನವರಿಯಲ್ಲಿ. ಹಿಮ ಬೀಳುವ, ತಿನ್ನಲು ಏನೂ ಸಿಗದ ಕಾಲದಲ್ಲಿ ಪ್ರಾಣಿ ಪ್ರಣಯಕ್ಕೆ ಇಳಿಯುವುದು ವಿಚಿತ್ರವೆಂದು ಮೊದಲ ನೋಟಕ್ಕೆ ಅನಿಸುತ್ತದೆ. ಲೆಕ್ಕ ಹಾಕಿದರೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ ಎಂದು ಗೊತ್ತಾಗುತ್ತದೆ. ಆರ್ಕ್‌ಟಿಕ್ ನರಿಗೆ ಬೇಸಿಗೆ ತಡವಾಗಿ ಬರುವುದರಿಂದ ಅದರ ಲೆಕ್ಕವೂ ತಡ. ಭಾರತ ಉಪಖಂಡದ ಬಯಲುಗಳಲ್ಲಿ ಮಾತ್ರ ಕಾಣುವ ಬಂಗಾಳ ನರಿ ಚಳಿಗಾಲದಲ್ಲಿ ಕೂಡಿ ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಎರಡರಿಂದ ನಾಲ್ಕು ಮರಿ ಹಾಕುತ್ತದೆ. ಆ ಮರಿಗಳು ಸ್ವಂತ ಬೇಟೆಯನ್ನು ಕಲಿಯುವ ಹೊತ್ತಿಗೆ ಮುಂಗಾರು ಇಳಿದು ನೆಲದಿಂದ ಗೆದ್ದಲು ಏಳುತ್ತಿರುತ್ತವೆ.

ಇನ್ನು 63 ದಿನದ ಗೊಂದಲ. ಇದರಲ್ಲಿ ಪುಸ್ತಕಕ್ಕಿಂತ ನಮ್ಮ ಭಾಷೆಯ ಪಾಲೇ ಹೆಚ್ಚು. ಕನ್ನಡದಲ್ಲಿ ನರಿ ಎಂಬ ಒಂದೇ ಮಾತು ಎರಡು ಪ್ರಾಣಿಗಳಿಗೆ ಸಲ್ಲುತ್ತದೆ: ಹಿಂಡಾಗಿ ಊಳಿಡುವ, ತೋಳ ನಾಯಿಗಳಿಗೆ ಹತ್ತಿರದ ಬಳಗದ ಪ್ರಾಣಿಗೂ, ಪೊದೆಬಾಲದ ಚಿಕ್ಕ ನರಿಗೂ. ಊಳಿಡುವ ನರಿಯ ಗರ್ಭಾವಧಿ ನಾಯಿಯದರಂತೆಯೇ ಸುಮಾರು 63 ದಿನ. ಪೊದೆಬಾಲದ ಕೆಂಪು ನರಿಯದು 51 ರಿಂದ 53 ದಿನ, ಅಪರೂಪಕ್ಕೆ ಒಂದೆರಡು ದಿನ ಆಚೀಚೆ. ಈ ಎರಡನೆಯ ಅಂಕಿ ಇಷ್ಟು ಖಚಿತವಾಗಿ ತಿಳಿದಿರುವುದಕ್ಕೆ ಕಾರಣ ಅಷ್ಟೇನೂ ಹಿತವಾದದ್ದಲ್ಲ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ 1890 ರ ದಶಕದಲ್ಲಿ ತುಪ್ಪಟಕ್ಕಾಗಿ ಬೆಳ್ಳಿನರಿಗಳನ್ನು ಸಾಕುವ ಉದ್ಯಮ ಬೇರೂರಿತು. ಬೆಳ್ಳಿನರಿಯೆಂದರೆ ಬೇರೆ ಜಾತಿಯಲ್ಲ, ಕೆಂಪು ನರಿಯದೇ ಕಪ್ಪು ಬಣ್ಣದ ರೂಪ. ಆ ಸಾಕಣೆಯವರು ಬೆದೆಯ ದಿನ, ಈದ ದಿನಗಳನ್ನು ಲಾಭನಷ್ಟದ ಲೆಕ್ಕದಷ್ಟೇ ಶ್ರದ್ಧೆಯಿಂದ ಬರೆದಿಟ್ಟರು.

ನನ್ನ ಸಲಹೆಯೆಂದರೆ, ಪುಸ್ತಕದಲ್ಲಿ ಬರೀ 'ನರಿ' ಎನ್ನದೆ 'ಉತ್ತರ ದೇಶಗಳ ಕೆಂಪು ನರಿ' ಎಂದು ಮೊದಲ ಪುಟದಲ್ಲೇ ಹೆಸರಿಸಿ. ಆಮೇಲೆ ತಿಂಗಳುಗಳು ತಾವಾಗಿಯೇ ಸರಿಹೋಗುತ್ತವೆ.

ಇರುಳುಕಾವಲು

ಮೇಷ್ಟ್ರು ಕಾಲದ ಮಾತನ್ನು ಹೇಳಿದ್ದಾರೆ. ನಾನು ಬಿಲದ ಮಾತನ್ನು ಹೇಳುತ್ತೇನೆ. ಕೆಂಪು ನರಿಯ ಒಂದೇ ಬಿಲವನ್ನು ರಾತ್ರಿ ಕ್ಯಾಮೆರಾ ಇಟ್ಟು ಸತತ ಮೂರು ವಸಂತಗಳು ನೋಡಿದ್ದೇನೆ. ಕ್ಯಾಮೆರಾವನ್ನು ಬಿಲದಿಂದ ಸಾಕಷ್ಟು ದೂರದಲ್ಲಿ, ಮರಿ ಹುಟ್ಟುವ ತಿಂಗಳುಗಳಿಗೆ ಮೊದಲೇ ಕಟ್ಟಿ, ಆಮೇಲೆ ಅತ್ತ ಸುಳಿಯದೆ ಇದ್ದೆ. ಇದನ್ನು ಮೊದಲೇ ಹೇಳುವುದೇಕೆಂದರೆ, ಮನುಷ್ಯರ ಓಡಾಟ ಹೆಚ್ಚಾದರೆ ತಾಯಿ ಮರಿಗಳನ್ನು ಒಂದೊಂದಾಗಿ ಕತ್ತಿನ ಚರ್ಮದಲ್ಲಿ ಕಚ್ಚಿ ಎತ್ತಿಕೊಂಡು ಬೇರೆ ಬಿಲಕ್ಕೆ ಸಾಗಿಸಿಬಿಡುತ್ತದೆ.

ಎಲ್ಲಕ್ಕೂ ಮೊದಲು ಬರುವುದು ಸದ್ದು. ಜನವರಿಯ ನಡುರಾತ್ರಿಯಲ್ಲಿ ಯಾರೋ ಜೀವಭಯದಿಂದ ಚೀರಿದಂತೆ ಕೇಳುವ ಆ ಕೂಗನ್ನು ಮೊದಲ ಸಲ ಕೇಳಿದವರು ಎದ್ದು ಕುಳಿತುಕೊಳ್ಳದೆ ಇರಲಾರರು. ಅದು ಹೆಚ್ಚಾಗಿ ಹೆಣ್ಣಿನ ಕೂಗು, ಗಂಡೂ ಕೆಲವೊಮ್ಮೆ ಹಾಗೆ ಕೂಗುವುದುಂಟು. ಆ ದಿನಗಳಲ್ಲಿ ಗಂಡು ಹೆಣ್ಣಿನ ಬೆನ್ನು ಬಿಡುವುದಿಲ್ಲ. ಅದು ನಿಂತಲ್ಲಿ ನಿಲ್ಲುತ್ತದೆ, ನಡೆದಲ್ಲಿ ನಡೆಯುತ್ತದೆ. ಹೆಣ್ಣು ನಿಜವಾಗಿ ಒಪ್ಪುವ ಕಾಲ ಕೆಲವೇ ದಿನಗಳದ್ದಾದ್ದರಿಂದ ಗಂಡಿಗೆ ಈ ಕಾವಲು ಬಿಟ್ಟು ಬೇರೆ ಉಪಾಯವಿಲ್ಲ. ಕೂಡಿದ ಮೇಲೆ ನಾಯಿಗಳಂತೆಯೇ ಎರಡೂ ಸ್ವಲ್ಪ ಹೊತ್ತು ಬಿಡಿಸಿಕೊಳ್ಳಲಾಗದೆ ನಿಲ್ಲುತ್ತವೆ. ಮಕ್ಕಳ ಪುಸ್ತಕಕ್ಕೆ ಇದು ಬೇಡ, ತಿಳಿದಿರಲಿ ಎಂದು ಹೇಳಿದೆ.

ಫೆಬ್ರವರಿಯಲ್ಲಿ ಬಿಲಗಳ ತಪಾಸಣೆ ನಡೆಯುತ್ತದೆ. ಕೆಂಪು ನರಿ ಹೊಸದಾಗಿ ತೋಡುವುದಕ್ಕಿಂತ ಮೊಲದ ಬಿಲವನ್ನು ಅಗಲ ಮಾಡಿಕೊಳ್ಳುವುದನ್ನೋ ಹಳೆಯ ಬಿಲವನ್ನು ಕೆದಕಿ ಶುಚಿ ಮಾಡಿಕೊಳ್ಳುವುದನ್ನೋ ಹೆಚ್ಚು ಇಷ್ಟಪಡುತ್ತದೆ. ನಾನು ನೋಡಿದ ಹೆಣ್ಣು ಮೂರು ಬಿಲಗಳನ್ನು ತಯಾರು ಮಾಡಿ ಕೊನೆಗೆ ಒಂದರಲ್ಲಿ ಈಯಿತು. ಒಳಗೆ ಹುಲ್ಲುಹಾಸು ಇರುವುದಿಲ್ಲ, ಒಣಗಿದ ಬರೀ ಮಣ್ಣು. ಈಯುವ ಹೊತ್ತಿಗೆ ತಾಯಿಯ ಹೊಟ್ಟೆಯ ಕೂದಲು ಉದುರಿ ಮೊಲೆತೊಟ್ಟುಗಳು ಬಯಲಾಗಿರುತ್ತವೆ.

ಈಗ ನಿಮ್ಮ ಚಿತ್ರಕ್ಕೆ ಬರುತ್ತೇನೆ. ನಿಮ್ಮ ಸ್ನೇಹಿತರ ಮಾತು ನಿಜ. ಹುಟ್ಟಿದ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಕಣ್ಣು ಮುಚ್ಚಿರುತ್ತದೆ, ಕಿವಿ ಕೇಳಿಸುವುದಿಲ್ಲ, ಹಲ್ಲಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಆದ್ದರಿಂದ ತಾಯಿ ಎರಡು ಮೂರು ವಾರ ಬಿಲವನ್ನು ಹೆಚ್ಚುಕಡಿಮೆ ಬಿಟ್ಟೇ ಹೋಗುವುದಿಲ್ಲ. ತನ್ನ ಮೈಯನ್ನೇ ಹಾಸಿಗೆಯಾಗಿಸಿ ಮಲಗಿರುತ್ತದೆ. ಈ ದಿನಗಳಲ್ಲಿ ಅದಕ್ಕೆ ಊಟ ತರುವುದು ಗಂಡು. ಬಿಲದೊಳಕ್ಕೆ ಹೋಗುವ ಅನುಮತಿ ಅದಕ್ಕಿಲ್ಲ. ತಂದದ್ದನ್ನು ಬಿಲದ ಬಾಯಲ್ಲಿ ಇಟ್ಟು, ಒಂದು ಮೆಲುದನಿ ಹೊರಡಿಸಿ, ತಿರುಗಿ ಹೋಗುತ್ತದೆ. ಮೊದಲ ವರ್ಷ ಹನ್ನೆರಡು ದಿನ ನನ್ನ ಕ್ಯಾಮೆರಾದಲ್ಲಿ ಗಂಡು ಮಾತ್ರ ಕಾಣಿಸಿಕೊಂಡಾಗ, ಹೆಣ್ಣು ಸತ್ತೇಹೋಯಿತೆಂದು ನಾನು ತೀರ್ಮಾನಿಸಿದ್ದೆ. ಹದಿಮೂರನೆಯ ರಾತ್ರಿ ಅದು ಬಿಲದಿಂದ ತಲೆ ಹೊರಹಾಕಿ, ಮೈ ಮುರಿದು, ನೀರು ಕುಡಿಯಲು ಹೋಗಿ ಕಾಲು ಗಂಟೆಯೊಳಗೆ ಹಿಂದಿರುಗಿತು.

ಎರಡನೆಯ ವಾರದ ಕೊನೆಗೆ ಕಣ್ಣು ತೆರೆಯುತ್ತವೆ. ಮೂರನೆಯ ವಾರದಲ್ಲಿ ಕಣ್ಣಿನ ಬಳಿ ಕಪ್ಪು ಗೆರೆ ಮೂಡುತ್ತದೆ, ತಿಂಗಳು ತುಂಬುವಾಗ ಮುಖದಲ್ಲಿ ಕೆಂಪು ಬಿಳಿ ಇಣುಕುತ್ತವೆ, ಮೋಟು ಮೂತಿ ಉದ್ದವಾಗುತ್ತದೆ, ಕಿವಿ ನಿಮಿರುತ್ತದೆ. ಬಿಲದ ಬಾಯಿಗೆ ಅವು ಮೊದಲ ಸಲ ಬರುವುದು ಮೂರು ನಾಲ್ಕು ವಾರದ ಮೇಲೆ, ಎಂದರೆ ಏಪ್ರಿಲ್ ನಡುವಿನಲ್ಲಿ. ನೋಡುವವರಿಗೆ ಅದು ಅತ್ಯಂತ ಮುದ್ದಾದ ಕಾಲ, ಮರಿಗಳಿಗೆ ಹಾಗಲ್ಲ. ಯಾರು ಮೇಲು, ಯಾರು ಕೆಳಗು ಎಂದು ಅವು ಇದೇ ಸುಮಾರಿಗೆ ತೀವ್ರವಾಗಿ ಕಚ್ಚಾಡಿ ತೀರ್ಮಾನಿಸಿಕೊಳ್ಳುತ್ತವೆ, ಆ ಜಗಳ ಮುಗಿದ ಮೇಲೆಯೇ ನಾವು ಆಟವೆಂದು ಕರೆಯುವ ಆಟ ಶುರುವಾಗುವುದು. ಆರೇಳು ವಾರಕ್ಕೆ ಹಾಲು ಬಹುಮಟ್ಟಿಗೆ ಬಿಟ್ಟುಹೋಗುತ್ತದೆ. ಆ ಹೊತ್ತಿಗೆ ಬಿಲದ ಸುತ್ತ ಹುಲ್ಲು ತುಳಿದು ಮಟ್ಟಸವಾಗಿ, ಗರಿ, ಎಲುಬು, ಎಲ್ಲಿಂದಲೋ ತಂದ ಒಂಟಿ ಚಪ್ಪಲಿ, ಹರಿದ ಚೆಂಡು ಎಲ್ಲ ಹರಡಿ ಬಿದ್ದಿರುತ್ತವೆ. ವಾಸನೆಯಂತೂ ಹೇಳುವುದೇ ಬೇಡ.

ಹುಲ್ಲುಹಾದಿ

ಇರುಳುಕಾವಲು ಅವರ ವಿವರಣೆ ಬಹಳ ಚೆನ್ನಾಗಿದೆ, ಆದರೆ ಅದನ್ನು ಓದಿದವರು ನರಿಯ ಸಂಸಾರವೆಂದರೆ ಒಂದು ಗಂಡು, ಒಂದು ಹೆಣ್ಣು, ನಾಲ್ಕು ಮರಿ ಎಂದುಕೊಂಡುಬಿಡುವ ಸಾಧ್ಯತೆ ಇದೆ. ಆಹಾರ ಸಮೃದ್ಧವಾಗಿರುವ ಕಡೆ, ವಿಶೇಷವಾಗಿ ನಗರಗಳಲ್ಲಿ, ಕೆಂಪು ನರಿಗಳು ಸಣ್ಣ ಗುಂಪಾಗಿ ಬದುಕುತ್ತವೆ. ಹಿಂದಿನ ವರ್ಷದ ಹೆಣ್ಣುಮರಿಗಳಲ್ಲಿ ಕೆಲವು ತಾಯಿಯ ನೆಲೆಯಲ್ಲೇ ಉಳಿದು, ತಾವು ಮರಿ ಹಾಕದೆ, ತಂಗಿ ತಮ್ಮಂದಿರಿಗೆ ಆಹಾರ ತಂದು ಕೊಡುತ್ತವೆ, ಕಾವಲಿರುತ್ತವೆ. ಕೆಲವೊಮ್ಮೆ ಎರಡು ಹೆಣ್ಣುಗಳು ಒಂದೇ ಬಿಲದಲ್ಲಿ ಈದು ಮರಿಗಳನ್ನು ಒಟ್ಟಿಗೆ ಸಾಕುವುದೂ ಉಂಟು. ತಾಯಿ ಸತ್ತರೂ ಮರಿಗಳು ಬದುಕುಳಿದ ಉದಾಹರಣೆಗಳು ಇಂತಹ ಗುಂಪುಗಳಲ್ಲೇ ಸಿಗುತ್ತವೆ.

ಪಿತೃತ್ವದ ವಿಷಯದಲ್ಲೂ ಒಂದು ಮಾತಿದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ನರಿಗಳನ್ನು ಅಲ್ಲಿನ ವಿಶ್ವವಿದ್ಯಾಲಯದವರು 1970 ರ ದಶಕದಿಂದ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿ ಮರಿಗಳ ವಂಶವಾಹಿಗಳನ್ನು ಪರೀಕ್ಷಿಸಿದಾಗ, ಬಹಳಷ್ಟು ಮರಿಗಳಿಗೆ ಆಹಾರ ತರುವ ಗಂಡು ಒಂದು, ಜನಕ ಇನ್ನೊಂದು ಎಂದು ಕಂಡುಬಂದಿತು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿದ್ದದ್ದೂ ಉಂಟು. ಹೆಣ್ಣಿನ ಬೆನ್ನು ಬಿಡದ ಆ ಕಾವಲು ಏಕೆ ಎಂಬುದಕ್ಕೆ ಇದೇ ಉತ್ತರ.

ಮರಿಗಳ ಸಂಖ್ಯೆಯ ಬಗ್ಗೆ ಯಾರೂ ಹೇಳಲಿಲ್ಲ. ಕೆಂಪು ನರಿಗೆ ನಾಲ್ಕರಿಂದ ಆರು ಸಾಮಾನ್ಯ, ಅಪರೂಪಕ್ಕೆ ಹತ್ತನ್ನೂ ದಾಟುತ್ತದೆ. ಹಿಗ್ಗುವುದು ಕುಗ್ಗುವುದೆಲ್ಲ ಆಹಾರದ ಮೇಲೆ. ಇದರ ಅತಿರೇಕವನ್ನು ನೋಡಬೇಕೆಂದರೆ ಆರ್ಕ್‌ಟಿಕ್ ನರಿಯನ್ನು ನೋಡಬೇಕು. ಲೆಮ್ಮಿಂಗ್ ಎಂಬ ಇಲಿಯಂತಹ ಪ್ರಾಣಿಗಳು ಮೂರು ನಾಲ್ಕು ವರ್ಷಗಳಿಗೊಮ್ಮೆ ಹಿಮನೆಲದಲ್ಲಿ ಉಕ್ಕಿ ಬರುತ್ತವೆ. ಆ ವರ್ಷ ಒಂದು ಹೆಣ್ಣು ಹತ್ತು ಹದಿನೈದು ಮರಿಗಳನ್ನು ಹಾಕಬಲ್ಲದು, ಲೆಮ್ಮಿಂಗ್ ಬತ್ತಿದ ವರ್ಷ ಅದೇ ಬಿಲ ಖಾಲಿ ಉಳಿಯುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ನೆಲದಲ್ಲಿ ತೋಡಲು ಬರುವ ಜಾಗಗಳು ವಿರಳವಾದ್ದರಿಂದ ಒಂದೇ ಬಿಲ ತಲೆಮಾರುಗಳವರೆಗೆ ಬಳಕೆಯಲ್ಲಿರುತ್ತದೆ. ಅದರ ಮೇಲೆ ಬಿದ್ದ ಗೊಬ್ಬರದಿಂದ ಹುಲ್ಲು ಹೂವು ದಟ್ಟವಾಗಿ ಬೆಳೆದು, ಬೋಳು ಬಯಲಿನ ನಡುವೆ ದೂರದಿಂದಲೇ ಹಸಿರು ದಿಬ್ಬವಾಗಿ ಕಾಣುತ್ತದೆ. ನಿಮ್ಮ ಪುಸ್ತಕದ ಮುಂದಿನ ಭಾಗಕ್ಕೆ ಇದೊಂದು ಸೊಗಸಾದ ಪುಟವಾದೀತು.

ತಂದೆಯ ಪಾತ್ರದ ಬಗ್ಗೆ ಕೇಳಿದ್ದೀರಿ. ಅದರಲ್ಲಿ ಎಲ್ಲ ನರಿಗಳನ್ನೂ ಮೀರಿಸುವುದು ಆಫ್ರಿಕಾದ ಬಾವಲಿಕಿವಿಯ ನರಿ. ಅದರ ಮುಖ್ಯ ಆಹಾರ ಗೆದ್ದಲು. ಗೆದ್ದಲನ್ನು ಬಾಯಲ್ಲಿ ಕಚ್ಚಿಕೊಂಡು ಬಿಲಕ್ಕೆ ತರುವಂತಿಲ್ಲವಾದ್ದರಿಂದ ಹಾಲೂಡುವ ತಾಯಿ ತಾನೇ ಹೊರಗೆ ಹೋಗಿ ಗಂಟೆಗಟ್ಟಲೆ ತಿಂದು ಬರಬೇಕು. ಅಷ್ಟು ಹೊತ್ತೂ ಬಿಲದ ಬಳಿ ಕುಳಿತು ಮರಿ ಕಾಯುವುದು, ನೆಕ್ಕಿ ಶುಚಿ ಮಾಡುವುದು, ಶತ್ರುಗಳನ್ನು ಎದುರಿಸುವುದು ಗಂಡಿನ ಕೆಲಸ. ಅಂದಹಾಗೆ, ಅದರ ಗರ್ಭಾವಧಿ 60 ದಿನಕ್ಕೂ ಮೇಲೆ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಮರಿ ಹುಟ್ಟುವುದು ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ. ಮೇಷ್ಟ್ರ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಬಹುದು.

ಬಿಳಿಹಾಳೆ

ಮೂವರಿಗೂ ಕೃತಜ್ಞತೆಗಳು. ಕೆಂಪು ನರಿಯನ್ನೇ ಆರಿಸಿಕೊಂಡು ಪುಟಗಳನ್ನು ಹೀಗೆ ಹೊಂದಿಸಿದ್ದೇನೆ: ಜನವರಿಯಲ್ಲಿ ಕೂಗು, ಫೆಬ್ರವರಿಯಲ್ಲಿ ಬಿಲದ ಶೋಧ, ಮಾರ್ಚ್‌ನಲ್ಲಿ ಜನನ, ಏಪ್ರಿಲ್‌ನಲ್ಲಿ ಬಿಲದ ಬಾಯಿ, ಮೇನಲ್ಲಿ ಆಟ. ಜೂನ್‌ನಿಂದ ಡಿಸೆಂಬರಿನವರೆಗೆ ಏನು ಬರೆಯಲಿ? ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದಲ್ಲ, ನರಿಗೆ ಏಕೆ ಒಂದೇ ಸಲ? ಮರಿಗಳೆಲ್ಲ ಸತ್ತುಹೋದರೂ ಅದು ಮತ್ತೊಮ್ಮೆ ಈಯುವುದಿಲ್ಲವೇ? ಪುಸ್ತಕದ ಕೊನೆಯಲ್ಲಿ, ಒಂಟಿ ನರಿಮರಿ ಕಂಡರೆ ಮಕ್ಕಳು ಏನು ಮಾಡಬೇಕು ಎಂದು ಎರಡು ಸಾಲು ಸೇರಿಸುವ ಆಸೆಯೂ ಇದೆ.

ಪಶುವೈದ್ಯೆ

ಒಂದೇ ಸಲ ಏಕೆಂಬ ಪ್ರಶ್ನೆಯನ್ನು ಮೊದಲು ನೋಡೋಣ. ಕೆಂಪು ನರಿಯ ಹೆಣ್ಣು ವರ್ಷಕ್ಕೆ ಒಮ್ಮೆ ಮಾತ್ರ ಬೆದೆಗೆ ಬರುತ್ತದೆ; ಅದರಲ್ಲಿ ಗರ್ಭ ನಿಲ್ಲಬಹುದಾದ ಕಾಲ ಮೂರು ದಿನದ ಆಸುಪಾಸು. ಆ ದಿನಗಳು ಕಳೆದರೆ ಮುಂದಿನ ಚಳಿಗಾಲವೇ ಗತಿ. ಗಂಡಿನ ಸ್ಥಿತಿ ಇದಕ್ಕೆ ಪೂರಕವಾಗಿದೆ: ಅದರ ವೃಷಣಗಳು ಚಳಿಗಾಲದಲ್ಲಿ ಹಿಗ್ಗಿ, ವಸಂತ ಕಳೆಯುತ್ತಿದ್ದಂತೆ ಕುಗ್ಗಿ, ಬೇಸಿಗೆಯಲ್ಲಿ ವೀರ್ಯಾಣುಗಳ ಉತ್ಪತ್ತಿಯೇ ನಿಂತಿರುತ್ತದೆ. ಆದ್ದರಿಂದ ಸೂಲಿನ ಎಲ್ಲ ಮರಿಗಳೂ ಸತ್ತರೂ ಕೆಂಪು ನರಿ ಆ ವರ್ಷ ಮತ್ತೆ ಈಯುವುದಿಲ್ಲ. ಸಹಾರಾದ ಪುಟ್ಟ ಫೆನೆಕ್ ನರಿ ಮಾತ್ರ ಇದಕ್ಕೆ ಸ್ವಲ್ಪ ಅಪವಾದ. ಮೊದಲ ಸೂಲಿನ ಮರಿಗಳನ್ನು ಕಳೆದುಕೊಂಡರೆ ಅದು ಇನ್ನೊಮ್ಮೆ ಬೆದೆಗೆ ಬರಬಲ್ಲದು. ಅದಕ್ಕೂ ಗರ್ಭಾವಧಿ 50 ದಿನ ಚಿಲ್ಲರೆ, ಸಾಮಾನ್ಯವಾಗಿ ನಾಲ್ಕಕ್ಕೆ ಮೀರದಷ್ಟು ಮರಿ.

ನಾಯಿಯೊಡನೆ ಹೋಲಿಸಿದ್ದು ಒಳ್ಳೆಯದೇ ಆಯಿತು. ಋತುವಿನ ಈ ಬಿಗಿ ಕಾಡಿನ ಗುಣ. ಸಾಕಣೆ ಅದನ್ನು ಸಡಿಲಿಸುತ್ತದೆ. ನಾಯಿಯ ಪೂರ್ವಜವಾದ ತೋಳ ಇಂದಿಗೂ ವರ್ಷಕ್ಕೆ ಒಂದೇ ಸಲ ಬೆದೆಗೆ ಬರುತ್ತದೆ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಡಿಮಿಟ್ರಿ ಬೆಲ್ಯಾಯೆವ್ 1959 ರಲ್ಲಿ ಆರಂಭಿಸಿ, ಅವರ ನಂತರ ಲ್ಯುಡ್ಮಿಲಾ ತ್ರೂಟ್ ಮುಂದುವರಿಸಿದ ಪ್ರಯೋಗದಲ್ಲಿ, ಮನುಷ್ಯರಿಗೆ ಹೆದರದ ಬೆಳ್ಳಿನರಿಗಳನ್ನು ಮಾತ್ರ ಆಯ್ದು ತಲೆಮಾರಿನ ಮೇಲೆ ತಲೆಮಾರು ಬೆಳೆಸಿದರು. ಆಯ್ಕೆ ಮಾಡಿದ್ದು ಸಾಧುತನವನ್ನು ಮಾತ್ರ, ಆದರೂ ಆ ನರಿಗಳು ಸುಮಾರು ಒಂದು ತಿಂಗಳು ಮೊದಲೇ ಪ್ರಾಯಕ್ಕೆ ಬರತೊಡಗಿದವು, ಸರಾಸರಿ ಸೂಲಿಗೆ ಒಂದು ಮರಿ ಹೆಚ್ಚಾಯಿತು, ಕೆಲವು ಹೆಣ್ಣುಗಳು ಕಾಲ ತಪ್ಪಿಯೂ ಬೆದೆಗೆ ಬಂದವು.

ಜೂನ್‌ನಿಂದ ಮುಂದಿನ ಪುಟಗಳು ನಿಮಗೆ ಕಷ್ಟವಾಗಬಾರದು. ಬೇಸಿಗೆಯಲ್ಲಿ ಮರಿಗಳು ಬಿಲವನ್ನು ಬಿಟ್ಟು ಪೊದೆಗಳಲ್ಲಿ ಮಲಗುವುದನ್ನು ರೂಢಿಸಿಕೊಳ್ಳುತ್ತವೆ. ಜೀರುಂಡೆ, ಎರೆಹುಳು, ಬಿದ್ದ ಹಣ್ಣುಗಳಿಂದ ಬೇಟೆಯ ಪಾಠ ಆರಂಭವಾಗುತ್ತದೆ. ತಂದೆತಾಯಿ ಆಹಾರ ತರುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತವೆ. ಆರೇಳು ತಿಂಗಳಿಗೆ, ಎಂದರೆ ಸೆಪ್ಟೆಂಬರ್ ಹೊತ್ತಿಗೆ, ಮರಿ ಯಾವುದು, ದೊಡ್ಡದು ಯಾವುದು ಎಂದು ದೂರದಿಂದ ಹೇಳುವುದು ಕಷ್ಟ. ಶರತ್ಕಾಲದಿಂದ ಚಳಿಗಾಲದವರೆಗೆ ಅವು ಚದುರುತ್ತವೆ. ಗಂಡುಮರಿಗಳು ಹೆಚ್ಚಾಗಿ ಮನೆ ಬಿಟ್ಟು ದೂರ ಹೋಗುತ್ತವೆ, ಹೆಣ್ಣುಗಳಲ್ಲಿ ಕೆಲವು ಉಳಿಯುತ್ತವೆ. ಗೊತ್ತಿಲ್ಲದ ನೆಲ, ಎದುರಾಗುವ ಹಿರಿಯ ಗಂಡುಗಳು, ರಸ್ತೆ, ಇವುಗಳಿಂದಾಗಿ ಬಹಳ ಎಳೆ ನರಿಗಳು ಸಾಯುವುದು ಈ ಅಲೆದಾಟದಲ್ಲೇ. ಬದುಕಿ ಉಳಿದವು ಒಂಬತ್ತು ಹತ್ತು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಮಾರ್ಚ್‌ನಲ್ಲಿ ಹುಟ್ಟಿದ ಮರಿಗೆ ಹತ್ತು ತಿಂಗಳಾಗುವುದು ಜನವರಿಯಲ್ಲಿ; ಆದ್ದರಿಂದ ನಿಮ್ಮ ಪುಸ್ತಕದ ಕೊನೆಯ ಪುಟದಲ್ಲಿರುವ ಮರಿ ಮೊದಲ ಪುಟದ ಕೂಗಿಗೆ ಸಿದ್ಧವಾಗಿರುತ್ತದೆ.

ಒಂಟಿ ಮರಿಯ ವಿಷಯದಲ್ಲಿ ಮಕ್ಕಳಿಗೆ ಒಂದೇ ಮಾತು ಸಾಕು: ಮುಟ್ಟಬೇಡಿ, ದೊಡ್ಡವರನ್ನು ಕರೆಯಿರಿ. ದೊಡ್ಡವರಿಗೆ ಸ್ವಲ್ಪ ಹೆಚ್ಚು ಹೇಳಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ ಒಂಟಿಯಾಗಿ ಕಾಣುವ ಮರಿ ಬಹುತೇಕ ತಬ್ಬಲಿಯಲ್ಲ. ತಾಯಿ ಹತ್ತಿರದಲ್ಲೇ ಇರುತ್ತದೆ, ನೀವು ನಿಂತಿರುವುದರಿಂದಲೇ ಬರುತ್ತಿರುವುದಿಲ್ಲ. ದೂರ ಸರಿದು ಕತ್ತಲಾಗುವವರೆಗೆ ಕಾದರೆ ಹೆಚ್ಚಿನ ಸಂದರ್ಭಗಳಲ್ಲಿ ಅದೇ ಬಂದು ಕರೆದೊಯ್ಯುತ್ತದೆ. ಕಣ್ಣು ಇನ್ನೂ ಮುಚ್ಚಿರುವ, ಇಲ್ಲವೇ ಕಣ್ಣು ನೀಲಿಯಾಗಿರುವ ಮರಿ ಬಿಲದ ಹೊರಗೆ ಬಿದ್ದಿದ್ದರೆ ಮಾತು ಬೇರೆ. ಹುಟ್ಟುನೀಲಿ ನಾಲ್ಕೈದು ವಾರಕ್ಕೆ ಕಂದುಹಳದಿಗೆ ತಿರುಗುವುದರಿಂದ, ನೀಲಿ ಕಣ್ಣಿನ ಮರಿ ತಾಯಿಯ ಹಾಲು ಮತ್ತು ಬಿಸಿ ಇಲ್ಲದೆ ಹೆಚ್ಚು ಹೊತ್ತು ತಾಳಲಾರದು. ಅಂತಹದ್ದಕ್ಕೂ ಗಾಯಗೊಂಡದ್ದಕ್ಕೂ ವನ್ಯಜೀವಿ ರಕ್ಷಕರನ್ನು ಕರೆಯಬೇಕು. ಮನೆಗೆ ಒಯ್ದು ಹಸುವಿನ ಹಾಲು ಕುಡಿಸಿದರೆ ಭೇದಿಯಾಗಿ ಸಾಯುವ ಸಂಭವವೇ ಹೆಚ್ಚು, ಬದುಕಿದರೂ ಮನುಷ್ಯರ ಭಯ ಕಳೆದುಕೊಂಡ ನರಿಗೆ ಕಾಡು ದಕ್ಕುವುದಿಲ್ಲ. ರೇಬೀಸ್ ಇರುವ ದೇಶಗಳಲ್ಲಿ ಬರಿಗೈಯಲ್ಲಿ ಮುಟ್ಟುವುದಂತೂ ಕೂಡದು. ಮರಿ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು.

ಬಿಳಿಹಾಳೆ

ಕೊನೆಯ ಪುಟ ಮೊದಲ ಪುಟಕ್ಕೆ ಸೇರುತ್ತದೆಂಬುದು ನನಗೆ ಹೊಳೆದಿರಲಿಲ್ಲ, ಹಾಗೆಯೇ ಮಾಡುತ್ತೇನೆ. ಚಿತ್ರಕಾರರಿಗೆ ತಿಳಿಸಿದೆ. ಮಾರ್ಚ್ ಪುಟದಲ್ಲಿ ಈಗ ಬಿಲದ ಒಳನೋಟವಿರುತ್ತದೆ, ತಾಯಿ ಸುರುಳಿಯಾಗಿ ಮಲಗಿರುತ್ತದೆ, ಇಲಿ ಕಚ್ಚಿದ ಗಂಡು ಹೊರಗೆ ನಿಂತಿರುತ್ತದೆ. ಮರಿಗಳ ಕಣ್ಣು ಮುಚ್ಚಿಸಿದ್ದೇವೆ. ಇನ್ನೇನಾದರೂ ತಿದ್ದಬೇಕೇ?

ಜೀವಶಾಸ್ತ್ರದ ಮೇಷ್ಟ್ರು

ಬಣ್ಣ ತಿದ್ದಬೇಕು. ಹುಟ್ಟಿದ ಮರಿಗಳು ಕೆಂಪಾಗಿರುವುದಿಲ್ಲ. ಮೈತುಂಬ ಚಾಕೊಲೇಟಿನಂತಹ ಕಡುಕಂದು ಬಣ್ಣದ ಮೃದುವಾದ ತುಪ್ಪಳವಿರುತ್ತದೆ, ಮೂತಿ ಮೋಟಾಗಿ, ಕಿವಿ ತಲೆಗೆ ಅಂಟಿಕೊಂಡು, ನಾಯಿಮರಿಯೋ ತೋಳದ ಮರಿಯೋ ಎಂದು ಅನುಮಾನ ಬರುವಂತಿರುತ್ತವೆ. ಆಗಲೂ ಅವು ನರಿಯ ಮರಿಗಳೆಂದು ಹೇಳುವ ಗುರುತು ಬಾಲದ ತುದಿಯ ಬಿಳಿ. ಚಿತ್ರಕಾರರು ನಾಲ್ಕು ಕಂದು ಉಂಡೆಗಳನ್ನು ಬರೆದು, ಬಾಲಗಳ ತುದಿಗೆ ಒಂದೊಂದು ಬಿಳಿಯ ಚುಕ್ಕೆ ಇಟ್ಟರೆ ಸಾಕು. ಏಪ್ರಿಲ್ ಪುಟದಲ್ಲಿ ಮುಖ ಮಾತ್ರ ಕೆಂಪಾಗತೊಡಗಿರಲಿ, ಬಿಲದ ಬಾಯಿಗೆ ಮೊದಲು ಬಂದ ಮರಿಗೆ ಕಣ್ಣಿನಲ್ಲಿ ಇನ್ನೂ ಕೊಂಚ ನೀಲಿ ಉಳಿದಿರಲಿ.